ಮೊದಲ ಅರಿವಳಿಕೆಯಲ್ಲೇ ಉತ್ತರ ಸಿಗಬೇಕು: ಸೆರೆಯಲ್ಲಿರುವ ಕರಡಿಗಳ ಬಾಯಿಯ ಗಡ್ಡೆಗಳು

ಬೆಳಗಾವಿಯಲ್ಲಿ ಪಶುವೈದ್ಯರು, ಪ್ರಾಣಿಪಾಲಕರು, ವಿದ್ಯಾರ್ಥಿಗಳು ಹಾಗೂ ವನ್ಯಜೀವಿಗಳ ಬಗ್ಗೆ ಆಸಕ್ತಿಯುಳ್ಳ ನಾಗರಿಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.

ಎಲ್ಲರಿಗೂ ನಮಸ್ಕಾರ. ದನ, ಎಮ್ಮೆ, ಆಡು, ಕುರಿಗಳ ಚಿಕಿತ್ಸೆಯಲ್ಲೇ ದಿನ ಕಳೆಯುವ ವೈದ್ಯರು ಇಷ್ಟು ಸಂಖ್ಯೆಯಲ್ಲಿ ಕುಳಿತಿರುವ ಸಭೆಯಲ್ಲಿ ಕರಡಿಯ ಬಾಯಿಯ ಗಡ್ಡೆಯ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ಇಲ್ಲಿಗೆ ಸಮೀಪದ ಭೂತರಾಮನಹಟ್ಟಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯವಿದೆ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಕರಡಿಗಳಿವೆ. ಪೂರ್ವಕ್ಕೆ ಹೋದರೆ ದರೋಜಿಯ ಕರಡಿ ಧಾಮವಿದೆ. ಮೃಗಾಲಯವಾಗಲಿ, ಪುನರ್ವಸತಿ ಕೇಂದ್ರವಾಗಲಿ, ಅಲ್ಲಿ ವನ್ಯಜೀವಿ ವೈದ್ಯರು ಒಬ್ಬರೋ ಇಬ್ಬರೋ ಇರುತ್ತಾರೆ. ಕೆಲಸ ದೊಡ್ಡದಾದಾಗ ಅವರು ಮೊದಲು ಕರೆಯುವುದು ಹತ್ತಿರದ ಪಶು ಆಸ್ಪತ್ರೆಯ ಶಸ್ತ್ರವೈದ್ಯರನ್ನೇ. ಆದ್ದರಿಂದ ಇಂದಿನ ಮಾತು ದೂರದ ಊರಿನ ತಜ್ಞರಿಗಲ್ಲ, ಆ ದೂರವಾಣಿ ಕರೆಯನ್ನು ಎತ್ತಿಕೊಳ್ಳುವ ನಿಮಗೆ.

ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಒಂದೇ. ನಾಯಿಯ ಬಾಯಿಯನ್ನು ಇಂದು ನೋಡಿ, ಅನುಮಾನ ಬಂದರೆ ಮುಂದಿನ ವಾರ ಮತ್ತೆ ನೋಡಬಹುದು. ಕರಡಿಯ ಬಾಯಿಯೊಳಗೆ ಕೈ ಹಾಕಬೇಕೆಂದರೆ ಪ್ರತಿ ಸಲವೂ ಪೂರ್ಣ ಅರಿವಳಿಕೆ ಬೇಕು, ಪ್ರತಿ ಅರಿವಳಿಕೆಗೂ ಅದರದೇ ಅಪಾಯವಿದೆ, ಹಾಗಾಗಿ ಮೊದಲ ಸಲ ಮಲಗಿಸಿದಾಗಲೇ ರೋಗದ ಹೆಸರು, ಅದರ ವಿಸ್ತಾರ ಮತ್ತು ಮುಂದಿನ ದಾರಿ ಈ ಮೂರಕ್ಕೂ ಬೇಕಾದ ಸಾಮಗ್ರಿಯನ್ನು ಕೈಗೆ ತೆಗೆದುಕೊಂಡಿರಬೇಕು. ಅದನ್ನು ಬಿಟ್ಟು, ಬಾಯಿ ತೆರೆದು ನೋಡಿ, ಊತ ಎಂದು ಬರೆದು, ಆಂಟಿಬಯಾಟಿಕ್ ಕೊಟ್ಟು ಎಬ್ಬಿಸಿಬಿಟ್ಟರೆ, ಮುಂದಿನ ಸಲ ನೋಡುವ ಹೊತ್ತಿಗೆ ಗಡ್ಡೆ ಮೂಳೆಗೆ ಇಳಿದಿರುತ್ತದೆ.

ನಮ್ಮ ದೇಶದಲ್ಲಿ ಸೆರೆಯಲ್ಲಿರುವ ಕರಡಿಗಳ ದೊಡ್ಡ ಪಾಲು ಯಾವುದು ಎಂಬುದನ್ನು ಮೊದಲು ಗಮನಿಸೋಣ. ಊರೂರು ಅಲೆದು ಕರಡಿ ಕುಣಿಸುತ್ತಿದ್ದ ಕಲಂದರ್ ಸಮುದಾಯದವರನ್ನು ಈ ಭಾಗದ ಹಿರಿಯರು ಜಾತ್ರೆಗಳಲ್ಲಿ ನೋಡಿರುತ್ತೀರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರವೂ ಆ ಪದ್ಧತಿ ದಶಕಗಳ ಕಾಲ ಉಳಿದಿತ್ತು. 2002ರಿಂದ 2009ರವರೆಗೆ ಅಂಥ ನೂರಾರು ಕರಡಿಗಳನ್ನು ಬಿಡಿಸಿ ಆಗ್ರಾ, ಬನ್ನೇರುಘಟ್ಟ ಮೊದಲಾದ ಕೇಂದ್ರಗಳಿಗೆ ತರಲಾಯಿತು. ಆ ಕುಟುಂಬಗಳಿಗೆ ಬೇರೆ ಉದ್ಯೋಗದ ದಾರಿಯನ್ನೂ ಮಾಡಿಕೊಡಲಾಯಿತು. ಮರಿಯಾಗಿದ್ದಾಗಲೇ ಮೂತಿಗೆ ಕಾದ ಸೂಜಿಯಿಂದ ತೂತು ಮಾಡಿ ಹಗ್ಗ ಪೋಣಿಸಿದ್ದು, ಕಚ್ಚದಿರಲೆಂದು ಕೋರೆಹಲ್ಲುಗಳನ್ನು ಹೊಡೆದು ಮುರಿದದ್ದು, ಇವೆಲ್ಲ ಆ ಕರಡಿಗಳ ಬಾಯಿಯಲ್ಲಿ ಇಂದಿಗೂ ಓದಲು ಸಿಗುತ್ತವೆ. ಮುರಿದ ಹಲ್ಲಿನ ಬೇರು ಒಸಡಿನೊಳಗೆ ಉಳಿದು, ವರ್ಷಗಟ್ಟಲೆ ಕೀವಾಗುತ್ತ, ಮಾಯುತ್ತ, ಮತ್ತೆ ಕೀವಾಗುತ್ತ ಬಂದಿರುತ್ತದೆ. ಆ ಪೀಳಿಗೆಯ ಕರಡಿಗಳಲ್ಲಿ ಬದುಕಿರುವವು ಈಗ ಮುಪ್ಪಿನಲ್ಲಿವೆ. ಸೆರೆಯಲ್ಲಿ ಒಳ್ಳೆಯ ಆರೈಕೆ ಸಿಕ್ಕರೆ ಕರಡಿ 30 ವರ್ಷದ ಆಸುಪಾಸಿನವರೆಗೂ ಬದುಕಬಲ್ಲದು. ವಯಸ್ಸು ಹೆಚ್ಚಿದಂತೆ ಗಡ್ಡೆಗಳ ಸಾಧ್ಯತೆಯೂ ಹೆಚ್ಚುತ್ತದೆ. ನಾವು ಅವುಗಳನ್ನು ಬದುಕಿಸಿದ್ದೇವೆ; ಆ ಬದುಕಿನ ಕೊನೆಯ ಭಾಗದ ರೋಗಗಳ ಹೊಣೆಯೂ ನಮ್ಮದೇ.

ಇನ್ನು ಬಾಯಿಯ ರಚನೆ. ಉಳಿದ ಕರಡಿ ಜಾತಿಗಳಲ್ಲಿ ಸಾಮಾನ್ಯವಾಗಿ 42 ಹಲ್ಲುಗಳಿದ್ದರೆ ನಮ್ಮ ಕರಡಿಗೆ, ಅಂದರೆ ಇಂಗ್ಲಿಷಿನಲ್ಲಿ ಸ್ಲಾತ್ ಬೇರ್ ಎನ್ನುವ ಜಾತಿಗೆ, 40 ಮಾತ್ರ, ಏಕೆಂದರೆ ಮೇಲಿನ ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇದಕ್ಕಿಲ್ಲ. ಆ ಸಂದಿಯಿಂದಲೇ ಅದು ಗೆದ್ದಲುಗಳನ್ನು ಉಸಿರಿನೊಡನೆ ಎಳೆದುಕೊಳ್ಳುತ್ತದೆ. ಅಂಗುಳ ಆಳವಾಗಿ ಬಾಗಿದೆ, ತುಟಿಗಳು ಉದ್ದವಾಗಿ ಮುಂದೆ ಚಾಚುತ್ತವೆ, ನಾಲಿಗೆ ಉದ್ದ. ಅಭ್ಯಾಸವಿಲ್ಲದ ವೈದ್ಯರು ಆ ಬಾಚಿಹಲ್ಲುಗಳು ಬಿದ್ದುಹೋಗಿವೆಯೆಂದು ಬರೆದುಕೊಳ್ಳುವ ಸಾಧ್ಯತೆಯಿದೆ, ಆದ್ದರಿಂದ ಇದನ್ನು ಮೊದಲೇ ಹೇಳಿದೆ. ಆಳವಾದ ಅಂಗುಳದ ಹಿಂಭಾಗವೂ ನಾಲಿಗೆಯ ಕೆಳಭಾಗವೂ ಕಂಬಿಯ ಹೊರಗಿನಿಂದ ಎಂದೂ ಕಾಣದ ಜಾಗಗಳು, ಗಡ್ಡೆ ಅಡಗಿ ಬೆಳೆಯುವುದೂ ಅಲ್ಲಿಯೇ.

ಕರಡಿಯ ಬಾಯಿಯಲ್ಲಿ ಕಂಡ ಊತವೆಲ್ಲ ಕ್ಯಾನ್ಸರ್ ಅಲ್ಲ. ಹಲ್ಲಿನ ಬೇರಿನ ಕೀವುಗಡ್ಡೆ, ಮೂಳೆಯ ಸೋಂಕು, ಚುಚ್ಚಿಕೊಂಡ ಕಡ್ಡಿಯ ಸುತ್ತ ಬೆಳೆದ ಮಾಂಸ, ಒಸಡಿನ ಅತಿಬೆಳವಣಿಗೆ, ವೈರಸ್‌ನಿಂದ ಏಳುವ ನರುಲಿ, ಇವೆಲ್ಲವೂ ಹೊರನೋಟಕ್ಕೆ ಗಡ್ಡೆಯಂತೆಯೇ ಕಾಣುತ್ತವೆ. ಧ್ರುವ ಕರಡಿಯೊಂದರ ಬಾಯಿಯಿಂದ ಪ್ಯಾಪಿಲೋಮಾ ವೈರಸ್ಸನ್ನು ಬೇರ್ಪಡಿಸಿ ವಿವರಿಸಿದ್ದಾರೆ. ಕೆಟ್ಟ ಗಡ್ಡೆಗಳಲ್ಲಿ ಕರಡಿಗಳ ಮಟ್ಟಿಗೆ ಮುಖ್ಯವಾದದ್ದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದರೆ ಬಾಯಿಯ ಒಳಪೊರೆಯ ಚಪ್ಪಟೆ ಕೋಶಗಳಿಂದಲೇ ಹುಟ್ಟುವ ಕ್ಯಾನ್ಸರ್. ಬಣ್ಣದ ಕೋಶಗಳ ಕ್ಯಾನ್ಸರಾದ ಮೆಲನೋಮ, ನಾರಿನ ಅಂಗಾಂಶದ ಕ್ಯಾನ್ಸರಾದ ಫೈಬ್ರೋಸಾರ್ಕೋಮ ಇವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಸನ್ ಬೇರ್ ಎಂಬ ಆಗ್ನೇಯ ಏಷ್ಯಾದ ಸಣ್ಣ ಕರಡಿಗಳ ಬಾಯಿಯ ಕಾರ್ಸಿನೋಮಗಳಲ್ಲಿ ಹರ್ಪಿಸ್ ಗುಂಪಿಗೆ ಸೇರಿದ ಹೊಸ ವೈರಸ್ಸೊಂದು ಸಿಕ್ಕಿತೆಂದು 2013ರಲ್ಲಿ ಪ್ರಕಟವಾಯಿತು. ಗಡ್ಡೆಯಲ್ಲಿ ವೈರಸ್ ಸಿಕ್ಕಿದ ಮಾತ್ರಕ್ಕೆ ಅದೇ ಕಾರಣವೆಂದು ತೀರ್ಮಾನಿಸಲಾಗದು, ಆದರೆ ಮಾದರಿ ತೆಗೆಯುವಾಗ ಒಂದು ಚೂರನ್ನು, ಅಂಗಾಂಶ ಕೆಡದಂತೆ ಕಾಪಾಡುವ ದ್ರಾವಣವಾದ ಫಾರ್ಮಲಿನ್‌ಗೆ ಹಾಕದೆ ಹೆಪ್ಪುಗಟ್ಟಿಸಿ ಇಡಲು ಇಷ್ಟು ಕಾರಣ ಸಾಕು.

ಈ ಕಾರ್ಸಿನೋಮ ನಿಮಗೆ ಅಪರಿಚಿತವಲ್ಲ. ಖಿಲಾರಿ ಎತ್ತುಗಳ ಕೊಂಬಿನ ಕ್ಯಾನ್ಸರ್ ಅನ್ನು ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಪಶುವೈದ್ಯರು ನೋಡದೆ ಇರಲಾರರು. ಎತ್ತು ತಲೆ ಒಲೆದಾಡಿಸುವುದು, ಕೊಂಬು ಬುಡದಲ್ಲಿ ಸಡಿಲವಾಗುವುದು, ಆ ಬದಿಯ ಒಂದೇ ಹೊಳ್ಳೆಯಿಂದ ರಕ್ತ ಬೆರೆತ ಸಿಂಬಳ ಸುರಿಯುವುದು, ಈ ಲಕ್ಷಣಗಳನ್ನು ರೈತರೇ ಗುರುತಿಸುತ್ತಾರೆ. ಅದೂ ಸ್ಕ್ವಾಮಸ್ ಸೆಲ್ ಕಾರ್ಸಿನೋಮವೇ. ಕರಡಿಯ ಮೇಲ್ದವಡೆಯ ಗಡ್ಡೆ ಮೂಳೆಯನ್ನು ತಿಂದು ಮೂಗಿನ ಕುಹರಕ್ಕೆ ನುಗ್ಗಿದಾಗಲೂ ಇದೇ ಚಿಹ್ನೆ ಕಾಣುತ್ತದೆ, ಒಂದೇ ಹೊಳ್ಳೆಯ ಸ್ರಾವ. ಎರಡೂ ಹೊಳ್ಳೆ ಸೋರಿದರೆ ನೆಗಡಿಯೋ ಶ್ವಾಸಕೋಶದ ಸೋಂಕೋ ಎಂದು ಯೋಚಿಸಬಹುದು, ಒಂದೇ ಸೋರಿದರೆ ಬಾಯಿ ನೋಡಬೇಕು.

ಕರಡಿ ನೋವನ್ನು ತೋರಿಸಿಕೊಳ್ಳುವ ಪ್ರಾಣಿಯಲ್ಲ. ಊಟ ಪೂರ್ತಿ ಬಿಟ್ಟಾಗ ವೈದ್ಯರಿಗೆ ಸುದ್ದಿ ಬಂದರೆ ಆಗಲೇ ಬಹಳ ತಡವಾಗಿರುತ್ತದೆ. ಅದಕ್ಕಿಂತ ಎಷ್ಟೋ ಮೊದಲು ಸಣ್ಣ ಬದಲಾವಣೆಗಳು ಕಾಣುತ್ತವೆ, ಅವನ್ನು ಕಾಣಬಲ್ಲವರು ದಿನವೂ ಊಟ ಹಾಕುವ ಪ್ರಾಣಿಪಾಲಕರು ಮಾತ್ರ. ನಾನು ಚಿಕಿತ್ಸೆ ಮಾಡಿದ, ಕುಣಿತದಿಂದ ಬಿಡಿಸಿ ತಂದಿದ್ದ ಮುದಿ ಹೆಣ್ಣು ಕರಡಿಯೊಂದರ ವಿಷಯದಲ್ಲಿ ರೋಗವನ್ನು ಪತ್ತೆಹಚ್ಚಿದ್ದು ಈ ಕಡೆಯವರೇ ಆದ ಪಾಲಕರೊಬ್ಬರು. "ಸಾಹೇಬ್ರ, ಶೇಂಗಾ ಒಂದ ಕಡೆನ ತಿಂತೈತ್ರಿ, ಬಲಗಡಿ ಹೋದದ್ದೆಲ್ಲಾ ಕೆಳಗ ಬೀಳಾಕತ್ತೈತಿ" ಎಂದು ಅವರು ಹೇಳಿದರು. ಆ ದಿನ ಕರಡಿ ತನ್ನ ಗಂಜಿಯನ್ನು ಪೂರ್ತಿ ಕುಡಿದಿತ್ತು, ತೂಕ ಇಳಿದಿರಲಿಲ್ಲ, ಚುರುಕಾಗಿಯೇ ಇತ್ತು. ದಾಖಲೆ ಪುಸ್ತಕದಲ್ಲಿ "ಆಹಾರ ಸೇವನೆ ಸಾಮಾನ್ಯ" ಎಂದು ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ಅವರು ಹಾಗೆ ಬರೆದು ಸುಮ್ಮನಾಗಲಿಲ್ಲ ಎಂಬುದರಿಂದಲೇ ನಮಗೆ ಸಮಯ ಸಿಕ್ಕಿತು. ಜೊಲ್ಲು ಹೆಚ್ಚುವುದು, ಜೊಲ್ಲಿನಲ್ಲಿ ರಕ್ತದ ಎಳೆ, ಹತ್ತಿರ ಬಂದಾಗ ಕೊಳೆತ ವಾಸನೆ, ಪಂಜದಿಂದ ಮೂತಿ ಉಜ್ಜಿಕೊಳ್ಳುವುದು, ಗಟ್ಟಿ ಪದಾರ್ಥವನ್ನು ಬದಿಗಿಟ್ಟು ಮೆತ್ತಗಿನದನ್ನು ಆರಿಸಿಕೊಳ್ಳುವುದು, ಮುಖದ ಒಂದು ಬದಿ ದಪ್ಪವಾಗುವುದು, ಒಂದು ಕಣ್ಣು ಮುಂದೆ ಬಂದಂತೆ ಕಾಣುವುದು, ಇವುಗಳಲ್ಲಿ ಯಾವುದನ್ನು ಕಂಡರೂ ಅಂದೇ ಬರೆದಿಡಬೇಕು. ಹಿಮಾಲಯದ ಕಪ್ಪು ಕರಡಿಯನ್ನು ಸಾಕಿರುವ ಮೃಗಾಲಯಗಳು ಇನ್ನೊಂದನ್ನು ಗಮನಿಸಬೇಕು: ಚಳಿಗಾಲದಲ್ಲಿ ಆ ಜಾತಿಯ ಹಸಿವು ಸಹಜವಾಗಿಯೇ ಕುಗ್ಗಬಹುದು, ಆ ನೆಪದ ಹಿಂದೆ ಬಾಯಿಯ ರೋಗ ಮರೆಯಾಗಿ ಉಳಿಯಬಹುದು.

ಪಾಲಕರ ಕಣ್ಣಿಗೆ ನೆರವಾಗುವಂತೆ ಕರಡಿಗೆ ಬಾಯಿ ತೆರೆಯುವ ತರಬೇತಿ ಕೊಡಬಹುದು. ಕರಡಿ ಜಾಣ ಪ್ರಾಣಿ, ಜೇನುತುಪ್ಪದ ಆಸೆಯೂ ಅದಕ್ಕೆ ಅಪಾರ. ಕಂಬಿಯ ಈಚೆ ನಿಂತ ಪಾಲಕರು ಒಂದು ಗುರುತು ತೋರಿಸಿದಾಗ ಮೂತಿ ತಂದು ಮುಟ್ಟಿಸುವುದು, ಆಮೇಲೆ ಬಾಯಿ ತೆರೆಯುವುದು, ಆಮೇಲೆ ತೆರೆದ ಬಾಯಿಯನ್ನು ಕೆಲವು ಕ್ಷಣ ಹಾಗೆಯೇ ಹಿಡಿದಿರುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸಿದರೆ ತಿಂಗಳಿಗೊಮ್ಮೆ ಟಾರ್ಚ್ ಬೆಳಕಿನಲ್ಲಿ ಮೊಬೈಲಿನಿಂದಲೇ ಬಾಯಿಯ ಫೋಟೋ ತೆಗೆಯಬಹುದು. ಒಂದೇ ಕೋನದಿಂದ ತೆಗೆದ ಹಿಂದಿನ ತಿಂಗಳ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದಾಗ ಒಸಡಿನ ಬಣ್ಣ, ಹಲ್ಲಿನ ನೇರ, ಸಣ್ಣ ಉಬ್ಬು, ಎಲ್ಲವೂ ಮಾತನಾಡುತ್ತವೆ. ಇದಕ್ಕೆ ಹಣ ಬೇಡ, ಯಂತ್ರ ಬೇಡ. ಪಾಲಕರಿಗೆ ದಿನಕ್ಕೆ ಸ್ವಲ್ಪ ಸಮಯ ಮತ್ತು ಅವರ ಮಾತಿಗೆ ಬೆಲೆ, ಇವೆರಡನ್ನು ಆಡಳಿತ ಕೊಡಬೇಕು. ಎರಡನೆಯದು ಬಹಳ ಕಡೆ ಸಿಗುತ್ತಿಲ್ಲ ಎಂದು ನಾನು ನೋವಿನಿಂದಲೇ ಹೇಳುತ್ತೇನೆ.

ಅನುಮಾನ ಬಂದ ಮೇಲೆ ನಾವು ಬೀಳುವ ಬಲೆ ಆಂಟಿಬಯಾಟಿಕ್. ಔಷಧಿಯನ್ನು ಬೆಲ್ಲದಲ್ಲೋ ಜೇನಿನಲ್ಲೋ ಕಲಸಿ ಕೊಟ್ಟರೆ ಕರಡಿ ತಿನ್ನುತ್ತದೆ, ಅರಿವಳಿಕೆಯ ಅಪಾಯವೂ ತಪ್ಪುತ್ತದೆ. ಗಡ್ಡೆಯ ಮೇಲೆ ಎರಡನೇ ಹಂತದ ಸೋಂಕು ಇದ್ದೇ ಇರುವುದರಿಂದ ಔಷಧಿಗೆ ವಾಸನೆ ಕಡಿಮೆಯಾಗುತ್ತದೆ, ಊತ ಸ್ವಲ್ಪ ಇಳಿಯುತ್ತದೆ, ಎಲ್ಲರೂ ನೆಮ್ಮದಿಯ ಉಸಿರು ಬಿಡುತ್ತಾರೆ. ಆ ಸುಧಾರಣೆ ಗಡ್ಡೆಯದ್ದಲ್ಲ, ಅದರ ಮೇಲಿನ ಕೀವಿನದು. ಒಂದು ಸುತ್ತು ಔಷಧಿಗೆ ಪೂರ್ತಿ ವಾಸಿಯಾಗದ, ಅಥವಾ ವಾಸಿಯಾದಂತೆ ಕಂಡು ಮರುಕಳಿಸಿದ ಊತಕ್ಕೆ ಎರಡನೇ ಸುತ್ತು ಔಷಧಿ ಬರೆಯಬಾರದು, ಅರಿವಳಿಕೆಯ ದಿನಾಂಕ ಬರೆಯಬೇಕು.

ಆ ದಿನದ ಸಿದ್ಧತೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ವಿಜಯಪುರ, ಬಾಗಲಕೋಟೆಯ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ದಟ್ಟ ಕೂದಲಿನ ಕರಡಿ ಅರಿವಳಿಕೆಯಲ್ಲಿ ತನ್ನ ಮೈಶಾಖವನ್ನು ಕಾಯ್ದುಕೊಳ್ಳಲಾರದು. ಹೀಗಾಗಿ ಬೆಳಗಿನ ಜಾವವೇ ಸೂಕ್ತ ಹೊತ್ತು. ಹಿಂದಿನ ದಿನದಿಂದ ಘನ ಆಹಾರ ನಿಲ್ಲಿಸಿರಬೇಕು. ಟೈಲೆಟಮೈನ್ ಮತ್ತು ಜೊಲಾಜೆಪಾಮ್‌ಗಳ ಮಿಶ್ರಣ, ಕೆಟಮಿನ್‌ನೊಡನೆ ಕ್ಸೈಲಜಿನ್ ಅಥವಾ ಮೆಡೆಟೊಮಿಡಿನ್, ಇವು ಕರಡಿಗಳ ಅರಿವಳಿಕೆಗೆ ಬಳಕೆಯಲ್ಲಿವೆ. ಕ್ಸೈಲಜಿನ್‌ಗೆ ಯೋಹಿಂಬಿನ್, ಮೆಡೆಟೊಮಿಡಿನ್‌ಗೆ ಅಟಿಪಮೆಜೋಲ್ ಪ್ರತಿಮದ್ದಾಗಿ ಕೈಗೆಟುಕುವಲ್ಲಿ ಇರಬೇಕು. ಮದ್ದು ಇಳಿಯತೊಡಗಿದಾಗ ಕರಡಿ ಮೊದಲು ತಲೆ ಅಲುಗಿಸುತ್ತದೆ, ನಾವು ಕೆಲಸ ಮಾಡುತ್ತಿರುವುದು ಅದೇ ತಲೆಯ ಬಾಯಿಯಲ್ಲಿ. ಆದ್ದರಿಂದ ಚುಚ್ಚುಮದ್ದನ್ನೇ ನಂಬಿ ಬಾಯಿಯ ಶಸ್ತ್ರಕ್ರಿಯೆ ಮಾಡಬಾರದು, ಶ್ವಾಸನಾಳಕ್ಕೆ ಕಫ್ (ಗಾಳಿ ತುಂಬಿದರೆ ಉಬ್ಬುವ ಪಟ್ಟಿ) ಇರುವ ಕೊಳವೆ ಇಳಿಸಿ ಐಸೊಫ್ಲುರೇನ್ ಎಂಬ ಉಸಿರಿನ ಅರಿವಳಿಕೆಯ ಮೇಲೆ ಇಡಬೇಕು. ಕಫ್ ಮತ್ತು ಗಂಟಲಿನಲ್ಲಿ ತುರುಕಿದ ಗಾಜ್ ಬಟ್ಟೆ ಎರಡೂ ರಕ್ತ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುತ್ತವೆ. ಕೊನೆಯಲ್ಲಿ ಆ ಬಟ್ಟೆಯನ್ನು ಹೊರತೆಗೆದದ್ದಾಯಿತೇ ಎಂದು ಗಟ್ಟಿಯಾಗಿ ಕೇಳುವ ಕೆಲಸವನ್ನು ಒಬ್ಬರಿಗೆ ಮೊದಲೇ ವಹಿಸಿರಬೇಕು. ಗಡ್ಡೆಯೇ ಗಂಟಲಿಗೆ ಅಡ್ಡವಾಗಿದ್ದರೆ ಕತ್ತಿನಲ್ಲಿ ಶ್ವಾಸನಾಳ ತೆರೆಯುವ ಸಲಕರಣೆ ಸಿದ್ಧವಿರಲಿ. ಗಂಡು ಕರಡಿ 145 ಕಿಲೋವರೆಗೂ ತೂಗಬಹುದು, ಮಗ್ಗುಲು ಬದಲಿಸಲು ಆಳುಗಳೂ ಬೇಕು. ರಕ್ಷಿಸಿ ತಂದ ಕರಡಿಗಳಲ್ಲಿ ಕ್ಷಯರೋಗವೂ ಕಂಡುಬಂದಿರುವುದರಿಂದ ಬಾಯಿಯ ಬಳಿ ನಿಲ್ಲುವವರೆಲ್ಲರೂ ಎನ್-95 ಮುಖಗವಸು ಹಾಕಿಕೊಳ್ಳಲೇಬೇಕು.

ಬಾಯಿ ತೆರೆದ ಮೇಲೆ ಕಣ್ಣು ಮೊದಲು ಗಡ್ಡೆಯ ಮೇಲೆಯೇ ಬೀಳುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ತುಟಿಯ ಒಳಮೈ, ಒಸಡಿನ ಎರಡೂ ಬದಿ, ಪ್ರತಿ ಹಲ್ಲು, ಅಂಗುಳದ ಮುಂದು ಹಿಂದು, ನಾಲಿಗೆಯ ಮೇಲೆ ಮತ್ತು ಅಡಿಯಲ್ಲಿ, ಟಾನ್ಸಿಲ್‌ಗಳು, ಇಷ್ಟನ್ನೂ ಒಂದು ಕ್ರಮದಲ್ಲಿ ಮುಗಿಸಿ ನಂತರ ಗಡ್ಡೆಗೆ ಬನ್ನಿ. ಆ ಹೆಣ್ಣು ಕರಡಿಯ ಮೇಲ್ದವಡೆಯ ಬಲ ಕೋರೆಹಲ್ಲನ್ನು ಯಾವ ಕಾಲದಲ್ಲೋ ಮುರಿದಿದ್ದರು. ಆ ಗೂಡಿನ ಹಿಂಬದಿಯ ಒಸಡಿನಿಂದ ಕೆಂಪು ಬಿಳುಪು ಬೆರೆತ, ಅಂಚು ಉಬ್ಬಿದ, ನಡುವೆ ಹುಣ್ಣಾದ ಗಡ್ಡೆ ಎದ್ದಿತ್ತು. ಹತ್ತಿ ಸೋಕಿದರೆ ರಕ್ತ ಜಿನುಗುತ್ತಿತ್ತು. ಪಕ್ಕದ ಹಲ್ಲು ಬೆರಳಿನ ಒತ್ತಡಕ್ಕೆ ಅಲುಗಿತು. ಉಳಿದ ಹಲ್ಲುಗಳು ಗಟ್ಟಿಯಾಗಿದ್ದು ಒಂದೇ ಹಲ್ಲು ಅಲುಗುತ್ತಿದ್ದರೆ ಅದರ ಬೇರಿನ ಸುತ್ತಲಿನ ಮೂಳೆ ಉಳಿದಿಲ್ಲವೆಂದೇ ಅರ್ಥ. ಇಂಥ ಹಲ್ಲನ್ನು ಅಲ್ಲಿಯೇ ಕಿತ್ತುಹಾಕುವ ಆಸೆ ಕೈಗೆ ಬರುತ್ತದೆ. ಕೀಳಬಾರದು, ಕಿತ್ತರೆ ಗಡ್ಡೆಯ ಕೋಶಗಳಿಗೆ ಮೂಳೆಯೊಳಗೆ ಬಾಗಿಲು ತೆರೆದುಕೊಟ್ಟಂತಾಗುತ್ತದೆ. ಅಳತೆಗೋಲು ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ, ಉದ್ದ ಅಗಲ ದಪ್ಪ ಮೂರನ್ನೂ ಬರೆಯಿರಿ. ನಾಯಿ ಬೆಕ್ಕುಗಳ ಬಾಯಿಯ ಗಡ್ಡೆಗಳಿಗೆ ಬಳಸುವ ವರ್ಗೀಕರಣದಲ್ಲಿ 2 ಸೆಂಟಿಮೀಟರ್ ಒಳಗಿನದು ಮೊದಲ ಹಂತ, 2ರಿಂದ 4 ಎರಡನೆಯದು, 4 ದಾಟಿದರೆ ಮೂರನೆಯದು. ಕರಡಿಯ ದವಡೆ ದೊಡ್ಡದಾದರೂ ಇನ್ನೊಬ್ಬ ವೈದ್ಯರಿಗೆ ವಿಷಯ ತಿಳಿಸಲು ಈ ಅಳತೆ ಉಪಯುಕ್ತ.

ಬಯಾಪ್ಸಿ, ಅಂದರೆ ಪರೀಕ್ಷೆಗೆಂದು ಗಡ್ಡೆಯ ತುಂಡು ತೆಗೆಯುವುದು, ಇದಿಲ್ಲದೆ ಕರಡಿಯನ್ನು ಎಬ್ಬಿಸಲೇಬಾರದು. ಮೇಲ್ಮೈಯ ಕೊಳೆತ ಪದರ ಕೆರೆದು ಕಳಿಸಿದರೆ ಪ್ರಯೋಗಾಲಯದಿಂದ "ಉರಿಯೂತ ಮತ್ತು ಕೊಳೆತ ಅಂಗಾಂಶ" ಎಂಬ ವರದಿ ಬರುತ್ತದೆ, ಅದನ್ನು ನಂಬಿ ನಾವು ನೆಮ್ಮದಿಯಾಗಿರುತ್ತೇವೆ. ಹುಣ್ಣಿನ ನಡುಭಾಗ ಬಿಟ್ಟು, ಗಟ್ಟಿ ಭಾಗದಿಂದ, ಆಳಕ್ಕೆ ಇಳಿದು, ಒಂದಕ್ಕಿಂತ ಹೆಚ್ಚು ತುಂಡುಗಳನ್ನು ತೆಗೆಯಬೇಕು. ಯಾವಾಗಲೂ ಬಾಯಿಯ ಒಳಗಿನಿಂದಲೇ ತೆಗೆಯಬೇಕು. ತುಟಿಯ ಚರ್ಮ ಸೀಳಿ ಹೊರಗಿನಿಂದ ತೆಗೆದರೆ ಆ ದಾರಿಯಲ್ಲಿಯೂ ಕೋಶಗಳು ಉಳಿಯುವ ಅಪಾಯವಿದೆ, ಮುಂದೆ ಆ ಚರ್ಮವನ್ನೂ ಕತ್ತರಿಸಬೇಕಾಗುತ್ತದೆ. ತುಂಡು 1 ಸೆಂಟಿಮೀಟರಿಗಿಂತ ದಪ್ಪವಿರಬಾರದು, ಅದರ ಹತ್ತು ಪಟ್ಟು ಪ್ರಮಾಣದ ಶೇ 10 ಫಾರ್ಮಲಿನ್‌ನಲ್ಲಿ ಮುಳುಗಿರಬೇಕು. ದವಡೆಯ ಕೆಳಗಿನ ದುಗ್ಧಗ್ರಂಥಿಗಳು (ಲಿಂಫ್ ನೋಡ್) ಊದಿರಲಿ ಬಿಡಲಿ, ಎರಡೂ ಬದಿಯಿಂದ ಸೂಜಿಯಲ್ಲಿ ಮಾದರಿ ತೆಗೆಯಬೇಕು, ಏಕೆಂದರೆ ಗಾತ್ರ ಸಹಜವಾಗಿರುವ ಗ್ರಂಥಿಯಲ್ಲೂ ಗಡ್ಡೆಯ ಕೋಶಗಳು ಸೇರಿರಬಹುದು.

ಅದೇ ನಿದ್ದೆಯಲ್ಲಿ ಎದೆಯ ಎಕ್ಸ್-ರೇಯನ್ನು ಎಡ, ಬಲ, ಬೆನ್ನು ಮೂರು ಕೋನಗಳಿಂದ ತೆಗೆಯಬೇಕು, ದವಡೆಯದನ್ನೂ ತೆಗೆಯಬೇಕು. ಆದರೆ ಮೂಳೆಯ ಖನಿಜಾಂಶ ಮೂರನೇ ಒಂದು ಭಾಗಕ್ಕೂ ಹೆಚ್ಚು ಕರಗುವವರೆಗೆ ಸಾಮಾನ್ಯ ಎಕ್ಸ್-ರೇಯಲ್ಲಿ ಅದು ಕಾಣುವುದೇ ಇಲ್ಲ. ಗಡ್ಡೆ ಎಲ್ಲಿ ನಿಂತಿದೆ ಎಂಬುದನ್ನು ಸರಿಯಾಗಿ ಹೇಳುವುದು ಸಿ.ಟಿ. ಸ್ಕ್ಯಾನ್. ಮನುಷ್ಯರ ಆಸ್ಪತ್ರೆಯವರು ರಾತ್ರಿ ಹೊತ್ತು ರೋಗಿಗಳಿಲ್ಲದಾಗ ಒಪ್ಪಿದರೆ, ಕರಡಿಯ ತೂಕವನ್ನು ಮೇಜು ತಾಳುವುದಾದರೆ, ಅರಣ್ಯ ಇಲಾಖೆಯ ಬಂದೋಬಸ್ತು ಇದ್ದರೆ, ಇದು ಮಾಡಲಾಗದ ಕೆಲಸವಲ್ಲ. ಹೊಟ್ಟೆಯ ಅಲ್ಟ್ರಾಸೌಂಡ್ ಮರೆಯಬಾರದು. ಸೆರೆಯಲ್ಲಿರುವ ನಮ್ಮ ಕರಡಿ ಜಾತಿಯಲ್ಲಿ ಪಿತ್ತಕೋಶ ಮತ್ತು ಪಿತ್ತನಾಳದ ಕ್ಯಾನ್ಸರ್ ಎದ್ದುಕಾಣುವಷ್ಟು ದಾಖಲಾಗಿದೆ. ಬಾಯಿಗೆ ದೊಡ್ಡ ಶಸ್ತ್ರಕ್ರಿಯೆ ಮಾಡಿದ ಮೇಲೆ ಹೊಟ್ಟೆಯಲ್ಲಿ ಇನ್ನೊಂದು ಕ್ಯಾನ್ಸರ್ ಇತ್ತೆಂದು ತಿಳಿದರೆ ಆ ಪ್ರಾಣಿಗೆ ನಾವು ಕೊಟ್ಟ ನೋವಿಗೆ ಅರ್ಥವೇ ಇರುವುದಿಲ್ಲ.

ಚಿಕಿತ್ಸೆಯ ವಿಷಯಕ್ಕೆ ಬಂದರೆ, ಸೂಕ್ತ ಜಾಗದಲ್ಲಿ, ಸಣ್ಣದಿದ್ದಾಗ ಸಿಕ್ಕ ಗಡ್ಡೆಗೆ ಶಸ್ತ್ರಕ್ರಿಯೆಯೇ ಮೊದಲ ಆಯ್ಕೆ. ಹೊಲದಲ್ಲಿ ಕರಿಕೆಯನ್ನು ಮೇಲಷ್ಟೇ ಕುಯ್ದರೆ ಅದು ಮತ್ತೆ ಹಬ್ಬುವುದನ್ನು ನೀವೆಲ್ಲ ಕಂಡಿದ್ದೀರಿ. ಒಸಡಿನ ಮಟ್ಟಕ್ಕೆ ಗಡ್ಡೆಯನ್ನು ಸವರಿ ತೆಗೆದರೂ ಅಷ್ಟೇ. ಒಸಡಿನ ಕಾರ್ಸಿನೋಮ ಅದರ ಕೆಳಗಿನ ಮೂಳೆಗೆ ಬೇಗ ಇಳಿಯುವುದರಿಂದ ಸುತ್ತಲೂ ಕನಿಷ್ಠ 1 ಸೆಂಟಿಮೀಟರ್ ಆರೋಗ್ಯವಂತ ಅಂಗಾಂಶದೊಡನೆ ದವಡೆಯ ಆ ಭಾಗವನ್ನೇ ತೆಗೆಯಬೇಕು. ಈ ಅಳತೆ ನಾಯಿಗಳ ಅನುಭವದಿಂದ ಬಂದದ್ದು, ಕರಡಿಗೂ ಅದನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇವೆ. ಮೇಲ್ದವಡೆಯಲ್ಲಿ ಅಂಗುಳದ ದೊಡ್ಡ ಅಪಧಮನಿ ಮತ್ತು ಕಣ್ಣಿನ ಕೆಳಗಿನಿಂದ ಬರುವ ಅಪಧಮನಿಯನ್ನು ಮೊದಲೇ ಹುಡುಕಿ ಕಟ್ಟದಿದ್ದರೆ ರಕ್ತಸ್ರಾವ ಕೈಮೀರುತ್ತದೆ. ಅರಿವಳಿಕೆಯ ಜೊತೆಗೆ ದವಡೆಯ ನರಕ್ಕೆ ಆ ಜಾಗವನ್ನಷ್ಟೇ ಮರಗಟ್ಟಿಸುವ ಬುಪಿವಕೇನ್ ಕೊಟ್ಟರೆ ಎಚ್ಚರವಾದ ಮೊದಲ ಗಂಟೆಗಳು ಸಹನೀಯವಾಗುತ್ತವೆ. ತೆಗೆದ ತುಂಡಿನ ಅಂಚುಗಳಿಗೆ ಶಾಯಿ ಹಚ್ಚಿ ಕಳಿಸಬೇಕು, ಯಾವ ಅಂಚಿನಲ್ಲಿ ಕೋಶ ಉಳಿದಿದೆಯೆಂದು ಪ್ರಯೋಗಾಲಯದವರು ಆಗ ಮಾತ್ರ ಹೇಳಬಲ್ಲರು.

ದವಡೆಯ ತುಂಡು ಹೋದರೆ ಕರಡಿ ಹೇಗೆ ಬದುಕುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದು. ಕಾಡಿನಲ್ಲಿ ಗೆದ್ದಲು ಎಳೆದುಕೊಂಡು ಬದುಕಬೇಕಾದ ಕರಡಿಗೆ ತುಟಿ ಅಂಗುಳಗಳ ಬಿಗಿತವೇ ಜೀವ, ಅಲ್ಲಿ ಇಂಥ ಶಸ್ತ್ರಕ್ರಿಯೆಗೆ ನಾನು ಒಪ್ಪಲಾರೆ. ಆದರೆ ಸೆರೆಯಲ್ಲಿ ರಾಗಿ ಗಂಜಿ, ಬೇಯಿಸಿದ ಮೊಟ್ಟೆ, ಮಾಗಿದ ಬಾಳೆಹಣ್ಣು ಮುಂದಿಟ್ಟಾಗ ಅದು ತಿನ್ನಬಲ್ಲದು. ಕಷ್ಟವಿರುವುದು ಹೊಲಿಗೆಯಲ್ಲಿ. ನಾಯಿಗೆ ಹಾಕುವ ಕೊರಳಪಟ್ಟಿ ಕರಡಿಗೆ ಹಾಕಲಾಗದು, ಅದರ ಉಗುರು ಮತ್ತು ನಾಲಿಗೆ ಎರಡೂ ಹೊಲಿಗೆಯನ್ನು ಹುಡುಕುತ್ತವೆ. ತಾನಾಗಿ ಕರಗುವ ದಾರದಲ್ಲಿ, ಎರಡು ಪದರಗಳಲ್ಲಿ, ಎಳೆತವಿಲ್ಲದಂತೆ ಹೊಲಿಯಬೇಕು. ಗಾಯ ಮಾಯುವವರೆಗೆ ಮರದ ದಿಮ್ಮಿ, ಮೂಳೆ, ಆಟದ ಟೈರುಗಳನ್ನು ಕೋಣೆಯಿಂದ ತೆಗೆದಿರಬೇಕು, ನೋವಿನ ಔಷಧಿಯನ್ನು ಜೇನಿನಲ್ಲಿ ತಪ್ಪದೆ ಕೊಡಬೇಕು. ಹೊಲಿಗೆ ಬಿಚ್ಚಿಕೊಂಡು ಬಾಯಿಗೂ ಮೂಗಿಗೂ ನಡುವೆ ತೂತು ಉಳಿದರೆ ಗಂಜಿ ಮೂಗಿನಿಂದ ಬರುತ್ತದೆ, ಆಗ ಮತ್ತೊಂದು ಶಸ್ತ್ರಕ್ರಿಯೆ ಅನಿವಾರ್ಯ.

ನಾನು ಹೇಳಿದ ಆ ಹೆಣ್ಣು ಕರಡಿಯ ಗಡ್ಡೆ ಕಾರ್ಸಿನೋಮವೆಂದು ವರದಿ ಬಂತು. ದವಡೆಯ ಆ ಭಾಗ ತೆಗೆದೆವು, ಅದು ಚೇತರಿಸಿಕೊಂಡು ಮತ್ತೆ ಶೇಂಗಾ ತಿಂದಿತು. ಕೆಲವು ತಿಂಗಳ ನಂತರ ಹಿಂಭಾಗದಲ್ಲಿ ಗಡ್ಡೆ ಮರಳಿತು, ಎರಡನೇ ಸಲ ಕತ್ತರಿ ಹಿಡಿಯಲಿಲ್ಲ. ನಡುವೆ ಅದಕ್ಕೆ ಸಿಕ್ಕ ನೋವಿಲ್ಲದ ತಿಂಗಳುಗಳಿಗೆ ನಾನು ಬೆಲೆ ಕೊಡುತ್ತೇನೆ.

ಶಸ್ತ್ರಕ್ರಿಯೆಗೆ ಒಗ್ಗದ ಗಡ್ಡೆಗಳಿಗೆ ಬೇರೆ ದಾರಿಗಳಿವೆ. ಮೂಳೆ ಮುಟ್ಟದ, ಮೇಲ್ಮೈಯ ಸಣ್ಣ ಗಡ್ಡೆಯನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ಕೊಲ್ಲಬಹುದು. ಕೃತಕ ಗರ್ಭಧಾರಣೆ ಮಾಡುವ ನಮ್ಮ ಪಶು ಆಸ್ಪತ್ರೆಗಳಲ್ಲಿ ವೀರ್ಯದ ಕಡ್ಡಿಗಳನ್ನು ಇಡುವ ಪಾತ್ರೆಯಲ್ಲಿರುವುದು ಇದೇ ಮೈನಸ್ 196 ಡಿಗ್ರಿಯ ದ್ರವ. ತಾಲ್ಲೂಕು ಮಟ್ಟದಲ್ಲೇ ಸಿಗುವ ಈ ಸಾಧನವನ್ನು ಬಯಾಪ್ಸಿ ತೆಗೆದಿಟ್ಟ ನಂತರವೇ ಬಳಸಬೇಕು. ವಿಕಿರಣ ಚಿಕಿತ್ಸೆ ತತ್ವದಲ್ಲಿ ಒಳ್ಳೆಯದು, ಆದರೆ ಪ್ರತಿ ಸರದಿಗೂ ಅರಿವಳಿಕೆ, ಪ್ರತಿ ಸರದಿಗೂ ಪ್ರಯಾಣ ಬೇಕಾಗುವುದರಿಂದ ನಮ್ಮಲ್ಲಿ ಅದು ಅಪರೂಪ. ಕಾರ್ಬೊಪ್ಲಾಟಿನ್‌ನಂಥ ಕ್ಯಾನ್ಸರ್ ಔಷಧಿಗಳ ಪ್ರಮಾಣವನ್ನು ನಾಯಿಗಳಿಂದ ಎರವಲು ಪಡೆಯಬೇಕಾಗುತ್ತದೆ, ಔಷಧಿ ಮೂತ್ರದಲ್ಲಿ ಹೊರಬರುವುದರಿಂದ ಕೋಣೆ ತೊಳೆಯುವ ಪಾಲಕರಿಗೆ ಕೈಗವಸು ಮತ್ತು ತಿಳಿವಳಿಕೆ ಎರಡನ್ನೂ ಕೊಡದೆ ಅದನ್ನು ಆರಂಭಿಸಬಾರದು. ಪೈರಾಕ್ಸಿಕಾಮ್, ಮೆಲಾಕ್ಸಿಕಾಮ್‌ಗಳು ನೋವನ್ನೂ ಉರಿಯೂತವನ್ನೂ ತಗ್ಗಿಸಿ ಉಳಿದ ದಿನಗಳನ್ನು ಹಗುರಗೊಳಿಸುತ್ತವೆ, ಮೂತ್ರಪಿಂಡದ ಮೇಲೆ ಮಾತ್ರ ಕಣ್ಣಿಟ್ಟಿರಬೇಕು.

ಚಿಕಿತ್ಸೆ ನಿಲ್ಲಿಸುವ ತೀರ್ಮಾನವೂ ವೈದ್ಯಕೀಯದ ಭಾಗವೇ. ತಿನ್ನುವ ಪ್ರಮಾಣ, ನಡೆದಾಟ, ಮಣ್ಣು ಕೆದಕುವ ಆಸಕ್ತಿ, ಜೊತೆಯ ಕರಡಿಯೊಡನೆ ಬೆರೆಯುವುದು, ಇವನ್ನು ಪಾಲಕರು ದಿನವೂ ಒಂದು ಹಾಳೆಯಲ್ಲಿ ಗುರುತು ಹಾಕಿದರೆ ಇಳಿಮುಖ ಎಲ್ಲರಿಗೂ ಒಟ್ಟಿಗೆ ಕಾಣುತ್ತದೆ, ವಾದಕ್ಕೆ ಅವಕಾಶ ಉಳಿಯುವುದಿಲ್ಲ. ಗುಣವಾಗದ ಯಾತನೆಯಲ್ಲಿರುವ ಪ್ರಾಣಿಗೆ ದಯಾಮರಣ ಕೊಡಲು ಪಶುವೈದ್ಯರ ಅಭಿಪ್ರಾಯವೂ ಮುಖ್ಯ ವನ್ಯಜೀವಿ ವಾರ್ಡನ್ನರ ಲಿಖಿತ ಅನುಮತಿಯೂ ಬೇಕು. ಕಾಗದ ಓಡಾಡಲು ಸಮಯ ಹಿಡಿಯುತ್ತದೆ, ಆದ್ದರಿಂದ ಗಡ್ಡೆ ಮರಳಿತೆಂದು ತಿಳಿದ ದಿನವೇ ಮೇಲಧಿಕಾರಿಗಳಿಗೆ ಪರಿಸ್ಥಿತಿ ಬರೆದು ತಿಳಿಸಿ. ಸತ್ತ ಪ್ರತಿ ಕರಡಿಯ ಶವಪರೀಕ್ಷೆಯಲ್ಲಿ ನಾಲಿಗೆ ಎತ್ತಿ, ಗಂಟಲವರೆಗೆ ತೆರೆದು, ಬಾಯಿಯನ್ನೂ ನೋಡಬೇಕು. ಹೃದಯ, ಶ್ವಾಸಕೋಶ, ಯಕೃತ್ತುಗಳ ವಿವರ ಪುಟ ತುಂಬ ಇದ್ದು ಬಾಯಿಯ ಬಗ್ಗೆ ಒಂದು ಸಾಲೂ ಇಲ್ಲದ ವರದಿಗಳು ಬಹಳ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ನಿಪ್ಪಾಣಿಯಿಂದ ಬಂದಿದ್ದ ಹಿರಿಯರೊಬ್ಬರು, "ನಮ್ಮ ಕಡೆ ಬಾಯಿಯ ಕ್ಯಾನ್ಸರ್ ಅಂದರೆ ತಂಬಾಕು ಎನ್ನುತ್ತಾರೆ, ತಂಬಾಕು ಮುಟ್ಟದ ಕರಡಿಗೆ ಇದು ಹೇಗೆ ಬಂತು?" ಎಂದು ಕೇಳಿದರು. ಮನುಷ್ಯರ ಬಾಯಿಯ ಕ್ಯಾನ್ಸರುಗಳಲ್ಲಿ ಬಹುಪಾಲು ಇದೇ ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಲ್ಲಿ ತಂಬಾಕು ಮತ್ತು ಅಡಿಕೆಯ ಪಾತ್ರ ನಿಸ್ಸಂದೇಹ. ಕರಡಿಯಲ್ಲಿ ವಯಸ್ಸು, ಮುರಿದ ಹಲ್ಲಿನ ದೀರ್ಘಕಾಲದ ಉರಿಯೂತ, ಕೆಲವು ಜಾತಿಗಳಲ್ಲಿ ವೈರಸ್, ಇವುಗಳ ಮೇಲೆ ಅನುಮಾನವಿದೆ. ಉರಿಯೂತದ ಮೇಲಿನ ಅನುಮಾನವೊಂದೇ ಸಾಕು, ಹೊಸದಾಗಿ ಬಂದ ಪ್ರತಿ ಕರಡಿಯ ಮುರಿದ ಹಲ್ಲುಗಳಿಗೆ ಮೊದಲ ವರ್ಷದಲ್ಲೇ ಚಿಕಿತ್ಸೆ ಆಗಬೇಕು ಎನ್ನಲು.

ಖಾನಾಪುರದ ಯುವಕರೊಬ್ಬರು, ಕಾಡಂಚಿನಲ್ಲಿ ಮುಖ ಊದಿದ ಕರಡಿ ಕಂಡರೆ ಏನು ಮಾಡಬೇಕೆಂದು ಕೇಳಿದರು. ಹತ್ತಿರ ಹೋಗಬಾರದು, ಅಟ್ಟಬಾರದು, ಆಹಾರ ಇಡಬಾರದು. ನೋವಿನಲ್ಲಿರುವ ಕರಡಿ ಎಂದಿಗಿಂತ ಬೇಗ ಮೈಮೇಲೆ ಬರುತ್ತದೆ. ದೂರದಿಂದ ಫೋಟೋ ಸಾಧ್ಯವಾದರೆ ತೆಗೆದು, ಜಾಗ ಮತ್ತು ಹೊತ್ತು ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಬೇಕು. ಊದಿದ್ದು ಮುಖದ ಯಾವ ಬದಿ, ಯಾವ ಹೊಳ್ಳೆಯಿಂದ ಸೋರುತ್ತಿತ್ತು ಎಂಬುದನ್ನು ಸೇರಿಸಿ ಹೇಳಿದರೆ ಅಲ್ಲಿಗೆ ಹೊರಡುವ ವೈದ್ಯರಿಗೆ ಯಾವ ಸಲಕರಣೆ ಒಯ್ಯಬೇಕೆಂಬುದು ತಿಳಿಯುತ್ತದೆ.